ಬಾಟಲಿಯಲ್ಲ, ಹಿಕ್ಕೆ ನೋಡಿ

(ಗಿನಿ ಪಿಗ್ ಸಾಕುವವರ ಸಭೆಯೊಂದರಲ್ಲಿ ಆಡಿದ ಮಾತು. ಬರೆಯುವಾಗ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಪಶುವೈದ್ಯನಲ್ಲ, ಹಲವು ವರ್ಷಗಳಿಂದ ಗಿನಿ ಪಿಗ್ ಸಾಕುತ್ತಿರುವವನು, ಅಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಕೆಲವು ಕಡೆ 'ಇಲ್ಲಿಂದಾಚೆ ನಮ್ಮ ಕೆಲಸವಲ್ಲ, ಡಾಕ್ಟರ ಹತ್ತಿರ ಓಡಿ' ಎನ್ನಬೇಕಾಗುತ್ತದೆ. ಆಗ ದಯವಿಟ್ಟು ಓಡಿ.

ಮೊದಲು ಒಂದು ತಪ್ಪೊಪ್ಪಿಗೆ. ನನ್ನ ಮೊದಲ ಗಿನಿ ಪಿಗ್‌ನ ಹೆಸರು ಬುಗುರಿ. ಅದು ಬಂದ ಹೊಸತರಲ್ಲಿ ದಿನಾ ಬೆಳಿಗ್ಗೆ ಎದ್ದವನೇ ಗೂಡಿನ ಹತ್ತಿರ ಹೋಗಿ ನೀರಿನ ಬಾಟಲಿ ನೋಡುತ್ತಿದ್ದೆ. ತುಂಬಿದ್ದರೆ ಸಮಾಧಾನ. ನೀರಿದೆ, ಇನ್ನೇನು ಚಿಂತೆ? ಒಮ್ಮೆ ಎರಡು ದಿನ ಬಾಟಲಿ ಇಳಿಯಲೇ ಇಲ್ಲ. ತುಂಬಿಸುವ ಕೆಲಸ ಉಳಿಯಿತಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ಮೂರನೆಯ ದಿನ ಗೂಡು ಗುಡಿಸುವಾಗ ಕೈ ನಿಂತಿತು. ಹಿಕ್ಕೆಗಳು ಅರ್ಧಕ್ಕರ್ಧ ಸಣ್ಣದಾಗಿದ್ದವು, ಒಂದು ತುದಿ ಚೂಪಾಗಿತ್ತು, ನೆಲಕ್ಕೆ ಬಿದ್ದರೆ ಟಕ್ ಎನ್ನುವಷ್ಟು ಗಟ್ಟಿ. ಬಾಟಲಿ ತೆಗೆದು ಮೂತಿಯನ್ನು ಬೆರಳಿಂದ ಒತ್ತಿದೆ. ಹನಿ ಬರಲಿಲ್ಲ. ನೀರನ್ನು ಹನಿಹನಿಯಾಗಿ ಬಿಡುವ ಒಳಗಿನ ಉಕ್ಕಿನ ಗುಂಡು ಸಿಕ್ಕಿಕೊಂಡಿತ್ತು. ನಾನು ಒಳ್ಳೆಯ ಸುದ್ದಿ ಎಂದುಕೊಂಡಿದ್ದ ತುಂಬಿದ ಬಾಟಲಿಯೇ ಆ ಮನೆಯಲ್ಲಿದ್ದ ಅತಿ ಕೆಟ್ಟ ಸುದ್ದಿಯಾಗಿತ್ತು.

ಬುಗುರಿ ಬದುಕಿತು. ದಿನಾ ಕೊಡುತ್ತಿದ್ದ ಸೊಪ್ಪಿನಲ್ಲಿದ್ದ ನೀರು ಅದನ್ನು ಉಳಿಸಿತು, ನನ್ನ ಜಾಣತನ ಖಂಡಿತ ಅಲ್ಲ. ಅಂದಿನಿಂದ ನನ್ನ ಬೆಳಗಿನ ತನಿಖೆ ಹಿಕ್ಕೆಯಿಂದಲೇ ಶುರು. ಇವತ್ತು ನಾನು ಹೇಳಬೇಕೆಂದಿರುವುದೂ ಇಷ್ಟೇ: ನೀರು ಬೇರೆ, ಜೀರ್ಣ ಬೇರೆ ಎಂದು ಎರಡು ಪಟ್ಟಿ ಮಾಡಿಕೊಳ್ಳಬೇಡಿ. ಈ ಪ್ರಾಣಿಯ ಮೈಯಲ್ಲಿ ಅವೆರಡೂ ಒಂದೇ ಕೊಳವೆಯ ವ್ಯವಹಾರ.

ಆ ಕೊಳವೆಯೊಳಗೆ ಒಮ್ಮೆ ಇಳಿದು ನೋಡೋಣ. ಗಿನಿ ಪಿಗ್ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲಿನ ಕಡೆಯದು, ಹುಲ್ಲು ತಿಂದೇ ಬದುಕಿದ ವಂಶ. (ಅದು ಹಂದಿಯೂ ಅಲ್ಲ, ಗಿನಿ ದೇಶದ್ದೂ ಅಲ್ಲ. ಇಷ್ಟು ತಪ್ಪು ಹೆಸರು ಹೊತ್ತೂ ಬೇಸರಿಸದ ಪ್ರಾಣಿ ಇನ್ನೊಂದಿಲ್ಲ.) ಹುಲ್ಲಿನಲ್ಲಿ ಸತ್ವ ಕಡಿಮೆ, ನಾರು ಜಾಸ್ತಿ. ಹಸುವಾದರೆ ತಿಂದದ್ದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತದೆ. ಗಿನಿ ಪಿಗ್‌ಗೆ ಆ ದಾರಿಯಿಲ್ಲ. ಮೆಲುಕು ಹಾಗಿರಲಿ, ಅದಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು, ಹಿಂದಕ್ಕೆ ಬರುವ ಬಾಗಿಲೇ ಇಲ್ಲ. ಈ ಒಂದು ಸಂಗತಿ ತಲೆಯಲ್ಲಿದ್ದರೆ ಉಳಿದ ಎಚ್ಚರಿಕೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಹಾಗಾದರೆ ನಾರನ್ನು ಅರಗಿಸುವವರು ಯಾರು? ಸಣ್ಣ ಕರುಳೂ ದೊಡ್ಡ ಕರುಳೂ ಸೇರುವ ಕಡೆ ಸೀಕಮ್ ಎಂಬ ಚೀಲವಿದೆ. ಒಂದು ಕಡೆ ಮುಚ್ಚಿಕೊಂಡಿರುವುದರಿಂದ ಕುರುಡು ಕರುಳು ಎನ್ನುತ್ತಾರೆ. ನಮ್ಮಲ್ಲಿ ಅದು ಲೆಕ್ಕಕ್ಕಿಲ್ಲದಷ್ಟು ಚಿಕ್ಕದು. ಗಿನಿ ಪಿಗ್‌ನಲ್ಲಿ ಅದೇ ಹೊಟ್ಟೆಯ ಯಜಮಾನ. ಕರುಳಿನಲ್ಲಿರುವ ಒಟ್ಟು ಪದಾರ್ಥದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಇರಬಹುದು. ಅದರೊಳಗೆ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಹುಳಿಬರಿಸಿ, ಪ್ರಾಣಿಗೆ ಬೇಕಾದ ಕೊಬ್ಬಿನಾಮ್ಲಗಳನ್ನೂ ಬಿ ವಿಟಮಿನ್‌ಗಳನ್ನೂ ತಯಾರಿಸುತ್ತವೆ. ನೀವು ಸಾಕಿರುವುದು ಒಂದು ಗಿನಿ ಪಿಗ್ ಅಂದುಕೊಂಡಿದ್ದೀರಿ. ನಿಜವಾಗಿ ಸಾಕುತ್ತಿರುವುದು ಆ ಇಡೀ ಸಂಸಾರವನ್ನು. ಅವುಗಳಿಗೆ ಬೇಕಾದದ್ದು ಎರಡೇ: ನಾರು ಮತ್ತು ತೇವ.

ಒಣಹುಲ್ಲಿನ ಒರಟು ನಾರಿಗೆ ಇನ್ನೊಂದು ಕೆಲಸವಿದೆ. ಅದು ಪೂರ್ತಿ ಅರಗುವುದಿಲ್ಲ. ಅರಗದೆ ಉಳಿದು ಕರುಳಿನ ಗೋಡೆಯನ್ನು ಕೆಣಕುತ್ತಾ ಅದು ಹಿಂಡುತ್ತಿರುವಂತೆ, ಮುಂದಕ್ಕೆ ತಳ್ಳುತ್ತಿರುವಂತೆ ಮಾಡುತ್ತದೆ. ನಾರು ಕಡಿಮೆಯಾದರೆ ಕರುಳು ಸೋಮಾರಿಯಾಗುತ್ತದೆ. ಕರುಳು ನಿಧಾನವಾದರೆ ಪದಾರ್ಥ ಅಲ್ಲೇ ಕೂತು ನೀರನ್ನೆಲ್ಲ ಕಳೆದುಕೊಂಡು ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಇನ್ನೂ ನಿಧಾನ. ಮಧ್ಯೆ ಕುರುಡು ಕರುಳಿನಲ್ಲಿ ಗ್ಯಾಸ್ ತಯಾರಾಗುತ್ತಲೇ ಇರುತ್ತದೆ. ಹೊಟ್ಟೆ ನೋಯುತ್ತದೆ, ನೋವಿಗೆ ಊಟ ಬಿಡುತ್ತದೆ, ಊಟ ಬಿಟ್ಟಿದ್ದಕ್ಕೆ ಕರುಳು ಪೂರ್ತಿ ನಿಲ್ಲುತ್ತದೆ. ನೀರು ಕಡಿಮೆಯಾದರೂ ಇದೇ ಸುಳಿ, ಶುರುವಾಗುವ ಜಾಗ ಮಾತ್ರ ಬೇರೆ. ಬಾಯಾರಿದ ಮೈ ತನಗೆ ಬೇಕಾದ ನೀರನ್ನು ಕರುಳಿನಿಂದಲೇ ಹೀರಿಕೊಳ್ಳುತ್ತದೆ. ಬುಗುರಿಯ ಹಿಕ್ಕೆ ಕಲ್ಲಾಗಿದ್ದು ಹಾಗೆ.

ಆದ್ದರಿಂದ ಒಣಹುಲ್ಲು ಎಷ್ಟು ಕೊಡಬೇಕು ಎಂದು ಕೇಳಬೇಡಿ. ಮುಗಿಯಲು ಬಿಡಬೇಡಿ, ಅಷ್ಟೇ ಉತ್ತರ. ಹಗಲೂ ರಾತ್ರಿಯೂ ಗಿನಿ ಪಿಗ್ ಸ್ವಲ್ಪ ತಿಂದು ಸ್ವಲ್ಪ ಮಲಗುವ ಪ್ರಾಣಿ. ನಾಲ್ಕು ಬಾಚಿಹಲ್ಲು, ಹದಿನಾರು ದವಡೆಹಲ್ಲು, ಇಪ್ಪತ್ತೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅಗಿದಷ್ಟೂ ಸವೆಯುತ್ತವೆ. ಅಗಿಯದಿದ್ದರೆ ಕೆಳಗಿನ ದವಡೆಹಲ್ಲುಗಳು ಒಳಕ್ಕೆ ಬಾಗಿ ನಾಲಿಗೆಯ ಮೇಲೆ ಸೇತುವೆ ಕಟ್ಟುತ್ತವೆ. ಆಮೇಲೆ ಹಸಿವಿದ್ದರೂ ನುಂಗಲಾಗುವುದಿಲ್ಲ. ಎಷ್ಟೋ ಸಲ ಹೊಟ್ಟೆಯ ಕಾಯಿಲೆ ಎಂದು ನಾವು ತಲೆ ಕೆಡಿಸಿಕೊಂಡಿರುವಾಗ ಕಾಯಿಲೆ ಬಾಯಲ್ಲಿರುತ್ತದೆ. ಗದ್ದ ಒದ್ದೆಯಾಗಿದ್ದರೆ, ತಿನ್ನಲು ಬಂದು ವಾಪಸ್ ಹೋಗುತ್ತಿದ್ದರೆ, ಅದನ್ನೇ ಅನುಮಾನಿಸಿ.

ಪೆಲೆಟ್, ಅಂದರೆ ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಒಣ ಆಹಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ಒಂದೆರಡು ದೊಡ್ಡ ಚಮಚ ಸಾಕು. ಬಟ್ಟಲು ತುಂಬಿಸಿಟ್ಟರೆ ಅದನ್ನೇ ತಿಂದು ಹುಲ್ಲಿಗೆ ಬೆನ್ನು ತಿರುಗಿಸುತ್ತದೆ. ಬಣ್ಣಬಣ್ಣದ ಕಾಳು, ಒಣಹಣ್ಣು ಬೆರೆಸಿದ ಪೊಟ್ಟಣಗಳು ನಮ್ಮ ಕಣ್ಣಿಗಾಗಿ ಮಾಡಿದವು, ಅದರ ಹೊಟ್ಟೆಗಾಗಿ ಅಲ್ಲ.

ಈಗ ನೀರು. ಒಂದು ಕಿಲೋ ತೂಗುವ ಗಿನಿ ಪಿಗ್‌ಗೆ ದಿನಕ್ಕೆ ಸುಮಾರು 100 ಮಿಲಿಲೀಟರ್ ನೀರು ಬೇಕು ಎಂಬುದು ಒಂದು ಸ್ಥೂಲ ಲೆಕ್ಕ. ಈ ಲೆಕ್ಕ ಕೇಳಿದ ಕೂಡಲೇ ಕೆಲವರು ಬಾಟಲಿಯ ಮೇಲೆ ಗೀಟು ಎಳೆದು ಅಳೆಯಲು ಶುರುಮಾಡುತ್ತಾರೆ. ಅಳೆಯಿರಿ, ಬೇಡ ಎನ್ನುವುದಿಲ್ಲ. ಆದರೆ ಬಾಟಲಿ ಎರಡು ಬಗೆಯಲ್ಲಿ ಸುಳ್ಳು ಹೇಳುತ್ತದೆ. ಸೌತೆಕಾಯಿ, ಲೆಟಿಸ್ ಇವುಗಳ ತೂಕದಲ್ಲಿ ನೂರಕ್ಕೆ 95ರಷ್ಟು ನೀರೇ. ನೂರು ಗ್ರಾಂ ಅಂಥ ಸೊಪ್ಪು ತಿಂದ ಪ್ರಾಣಿ ಆಗಲೇ ತನ್ನ ಪಾಲಿನ ಬಹುಭಾಗ ಕುಡಿದಾಗಿದೆ, ಬಾಟಲಿ ಮಾತ್ರ ತುಂಬಿದ್ದೇ ಇದೆ. ಇನ್ನೊಂದು ಕಡೆ, ಬೇಸರ ಕಳೆಯಲು ಮೂತಿ ಕಚ್ಚಿ ಎಳೆದಾಡಿ ಅರ್ಧ ನೀರನ್ನು ನೆಲಕ್ಕೆ ಸುರಿಸುವ ಪೋಕರಿಗಳಿವೆ. ಅಲ್ಲಿ ಬಾಟಲಿ ಖಾಲಿ, ಹೊಟ್ಟೆಯೂ ಖಾಲಿ. ಅದಕ್ಕೇ ಬಾಟಲಿಯ ಗೀಟಿಗಿಂತ ಹಿಕ್ಕೆಯ ಸಾಕ್ಷಿ ನಂಬಿಕೆಗೆ ಹೆಚ್ಚು ಅರ್ಹ ಎನ್ನುತ್ತೇನೆ. ಸಮ ಗಾತ್ರ, ಎರಡೂ ತುದಿ ದುಂಡು, ಕಂದುಬಣ್ಣ, ಒತ್ತಿದರೆ ಸ್ವಲ್ಪ ಬಗ್ಗಬೇಕು, ಮುರಿದರೆ ಒಳಗೆ ಹುಲ್ಲಿನ ಚೂರು ಕಾಣಬೇಕು. ದಿನಕ್ಕೆ ನೂರಕ್ಕೂ ಹೆಚ್ಚು ಬೀಳುತ್ತವೆ. ಅಷ್ಟು ಸಾಕ್ಷಿಗಳು ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ.

ಬಾಟಲಿಯನ್ನು ದಿನಾ ತೊಳೆಯಬೇಕು. ಗಿನಿ ಪಿಗ್ ಬಾಯಲ್ಲಿ ಹುಲ್ಲು ಇಟ್ಟುಕೊಂಡೇ ಕುಡಿಯುತ್ತದೆ, ಕುಡಿಯುತ್ತಾ ಅಗಿದದ್ದನ್ನು ಮೂತಿಯೊಳಕ್ಕೆ ನೂಕುತ್ತದೆ. ಗುಂಡು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಈ ಕಸದಿಂದ. ನೀರು ಬದಲಿಸಿದಾಗಲೆಲ್ಲ ಬೆರಳಿಂದ ಗುಂಡನ್ನು ಒತ್ತಿ ಹನಿ ಬರುತ್ತದೆಯೇ ನೋಡುವುದು ಎರಡು ಸೆಕೆಂಡಿನ ಕೆಲಸ, ನಾನು ಎರಡು ದಿನ ತಡವಾಗಿ ಕಲಿತದ್ದು. ಒಂದೇ ಗೂಡಿನಲ್ಲಿ ಎರಡಿದ್ದರೆ ಎರಡು ಬಾಟಲಿ ಇಡಿ. ಜೋರಿನದು ಬಾಟಲಿಯ ಮುಂದೆ ಕಾವಲು ಕೂತರೆ ಪಾಪದ್ದು ಬಾಯಾರಿಕೊಂಡೇ ಇರುತ್ತದೆ.

ಬಿಸಿಲುಗಾಲದಲ್ಲಿ ಇನ್ನಷ್ಟು ಗಮನ ಬೇಕು. ಇದಕ್ಕೆ ಹಿತವಾದ ಹವೆ 18ರಿಂದ 24 ಡಿಗ್ರಿ ಸೆಲ್ಸಿಯಸ್. ಅದು ನಮ್ಮಂತೆ ಬೆವರಿ ತಂಪಾಗಲಾರದು. 30 ಡಿಗ್ರಿಯ ಆಸುಪಾಸಿಗೆ ಹೋದರೆ ಜೀವಕ್ಕೇ ಅಪಾಯ. ಬಾಟಲಿ ಬಿಸಿಲಿಗೆ ಬಿದ್ದು ನೀರು ಬೆಚ್ಚಗಾದರೆ ಮೂಸಿ ನೋಡಿ ಬಿಟ್ಟುಬಿಡುತ್ತದೆ. ಮಧ್ಯಾಹ್ನಕ್ಕೊಮ್ಮೆ ನೀರು ಬದಲಿಸಿ, ಗೂಡನ್ನು ನೆರಳಿಗೆ ಸರಿಸಿ.

ನೀರಿಗೆ ಏನನ್ನೂ ಬೆರೆಸಬೇಡಿ. ಸಕ್ಕರೆ ಬೇಡ, ಜ್ಯೂಸ್ ಬೇಡ. ವಿಟಮಿನ್ ಸಿ ಹನಿ ಕೂಡ ನೀರಿಗೆ ಬೇಡ ಎಂದರೆ ಹಲವರು ಹುಬ್ಬೇರಿಸುತ್ತಾರೆ. ಗಿನಿ ಪಿಗ್‌ಗೆ ವಿಟಮಿನ್ ಸಿ ಬೇಕೇ ಬೇಕು. ಮನುಷ್ಯರಂತೆಯೇ ಅದರ ಮೈ ಅದನ್ನು ತಯಾರಿಸಲಾರದು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಗಿನಿ ಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿ ನೋಡಿದಾಗ ಅವಕ್ಕೆ ನಾವಿಕರಿಗೆ ಬರುತ್ತಿದ್ದ ಸ್ಕರ್ವಿ ಎಂಬ ಕಾಯಿಲೆಯೇ ಬಂತು. ಆ ವಿಟಮಿನ್ನಿನ ಪತ್ತೆಗೆ ದಾರಿ ತೆರೆದದ್ದು ಈ ಪುಟ್ಟ ಪ್ರಾಣಿ. ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಕಡಿಮೆಯಾದರೆ ಕೀಲು ಊದುತ್ತದೆ, ಕೂದಲು ಒರಟಾಗುತ್ತದೆ, ಊಟ ಸೇರುವುದಿಲ್ಲ, ಭೇದಿಯೂ ಆಗಬಹುದು. ಆದರೆ ನೀರಿಗೆ ಹಾಕಿದ ವಿಟಮಿನ್ ಸಿ ಬೆಳಕಿಗೆ, ಲೋಹಕ್ಕೆ ಸೋಕಿ ಬೇಗ ಹಾಳಾಗುತ್ತದೆ. ನೀರಿನ ರುಚಿಯೂ ಕೆಡುತ್ತದೆ. ರುಚಿ ಕೆಟ್ಟ ನೀರನ್ನು ಅದು ಕುಡಿಯುವುದಿಲ್ಲ. ವಿಟಮಿನ್ನೂ ಹೋಯಿತು, ನೀರೂ ಹೋಯಿತು. ಬದಲಿಗೆ ದಿನಾ ಒಂದು ತುಂಡು ದೊಣ್ಣೆಮೆಣಸಿನಕಾಯಿ ಕೊಡಿ. ವಿಟಮಿನ್, ತೇವ ಎರಡೂ ಒಂದೇ ತುತ್ತಿನಲ್ಲಿ ಹೊಟ್ಟೆ ಸೇರುತ್ತವೆ.

ಸೊಪ್ಪಿನ ವಿಷಯದಲ್ಲಿ ಒಂದು ಭಯ ಬಹಳ ಜನರಲ್ಲಿದೆ: ಒದ್ದೆ ಸೊಪ್ಪು ತಿಂದರೆ ಭೇದಿಯಾಗುತ್ತದಂತೆ. ಹೊಟ್ಟೆ ಕೆಡುವುದು ಒದ್ದೆಯಿಂದಲ್ಲ, ದಿಢೀರ್ ಬದಲಾವಣೆಯಿಂದ. ಕುರುಡು ಕರುಳಿನ ಆ ಸಂಸಾರ ನಿನ್ನೆಯ ಊಟಕ್ಕೆ ಹೊಂದಿಕೊಂಡಿರುತ್ತದೆ. ಇವತ್ತು ಏಕಾಏಕಿ ಹೊಸ ಸೊಪ್ಪಿನ ರಾಶಿ ಹಾಕಿದರೆ ಯಾವುದೋ ಬೇಡದ ಬ್ಯಾಕ್ಟೀರಿಯಾ ತಲೆ ಎತ್ತುತ್ತದೆ. ಹೊಸದನ್ನು ಒಂದು ಎಲೆಯಿಂದ ಶುರುಮಾಡಿ, ಮಾರನೆಯ ದಿನದ ಹಿಕ್ಕೆ ನೋಡಿ, ಆಮೇಲೆ ಎರಡು ಎಲೆ. ತಾಜಾ ಸೊಪ್ಪನ್ನು ಚೆನ್ನಾಗಿ ತೊಳೆದು ಹನಿಗಳಿರುವಂತೆಯೇ ಕೊಡುವುದು ನನ್ನ ರೂಢಿ. ಕಡಿಮೆ ಕುಡಿಯುವ ಪ್ರಾಣಿಗೆ ನೀರು ಹೊಟ್ಟೆ ಸೇರಿಸಲು ಇದಕ್ಕಿಂತ ಸುಲಭದ ದಾರಿ ಕಾಣೆ. ಎಲೆಕೋಸು, ಹೂಕೋಸು ಗ್ಯಾಸ್ ತರುತ್ತವೆ, ಅಪರೂಪಕ್ಕೆ ಚೂರು ಸಾಕು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು ಹತ್ತಿರವೂ ಬೇಡ. ಹಿಕ್ಕೆ ಮೆತ್ತಗಾದರೆ ಒಂದು ದಿನ ಸೊಪ್ಪು ನಿಲ್ಲಿಸಿ ಹುಲ್ಲು, ನೀರಿನ ಮೇಲೆ ಬಿಡಿ. ನೀರಿನಂತೆ ಭೇದಿಯಾದರೆ ಕಾಯಬೇಡಿ. ಇಷ್ಟು ಚಿಕ್ಕ ಮೈಗೆ ಕೆಲವೇ ಗಂಟೆಗಳ ಭೇದಿ ಸಾಕು.

ನೀರು ಕಡಿಮೆಯಾದರೆ ಕಷ್ಟಪಡುವುದು ಕರುಳೊಂದೇ ಅಲ್ಲ. ನಮ್ಮ ಮೈ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಕರುಳಿನಲ್ಲೇ ಬಹುಮಟ್ಟಿಗೆ ತಡೆಯುತ್ತದೆ. ಗಿನಿ ಪಿಗ್ ಹೆಚ್ಚಿನದನ್ನು ಹೀರಿಕೊಂಡು ಮೂತ್ರದಲ್ಲಿ ಹೊರಹಾಕುತ್ತದೆ. ಅದರ ಮೂತ್ರ ಸ್ವಲ್ಪ ಬೆಳ್ಳಗೆ ಕದಡಿದಂತಿರುವುದು ಸಹಜ. ಆದರೆ ಒಣಗಿದ ಕಲೆ ಮರಳಿನಂತೆ ಕೈಗೆ ತರಿತರಿಯಾದರೆ ಮೂತ್ರಕೋಶದಲ್ಲಿ ಕಲ್ಲಿನ ಸಿದ್ಧತೆ ನಡೆದಿದೆ ಎಂದು ಅನುಮಾನಿಸಬೇಕು. ಮೂತ್ರ ಮಾಡುವಾಗ ಕಿರುಚಿದರೆ, ರಕ್ತ ಕಂಡರೆ ಆಸ್ಪತ್ರೆ. ಕುದುರೆಮೆಂತ್ಯ, ಅಂದರೆ ಆಲ್ಫಾಲ್ಫಾ ಹುಲ್ಲು ಮರಿಗಳಿಗೂ ಬಸುರಿಗಳಿಗೂ ಸರಿ, ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ದೊಡ್ಡವಕ್ಕೆ ಟಿಮೊಥಿಯಂಥ ಸಾದಾ ಹುಲ್ಲೇ ಒಳ್ಳೆಯದು.

ಇಲ್ಲಿ ಒಂದು ಕಥೆ ಹೇಳದೆ ಮುಂದೆ ಹೋಗಲಾರೆ. 1940ರ ಮೇ 25ರಂದು ಆಕ್ಸ್‌ಫರ್ಡ್‌ನಲ್ಲಿ ಹೊವರ್ಡ್ ಫ್ಲೋರಿಯ ತಂಡ ಎಂಟು ಇಲಿಗಳಿಗೆ ಮಾರಕ ಬ್ಯಾಕ್ಟೀರಿಯಾ ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟಿತು. ಮರುದಿನದ ಹೊತ್ತಿಗೆ ಔಷಧಿ ಪಡೆದ ನಾಲ್ಕೇ ಬದುಕಿದ್ದವು. ಅಂದು ಇಲಿಗಳ ಬದಲು ಗಿನಿ ಪಿಗ್ ಬಳಸಿದ್ದರೆ ಇದು ವಿಷ ಎಂದು ಆ ಔಷಧಿಯನ್ನೇ ಬದಿಗಿಡುತ್ತಿದ್ದರೋ ಏನೋ. ಗಿನಿ ಪಿಗ್‌ಗೆ ಪೆನಿಸಿಲಿನ್ ಮಾರಕ ಎಂಬುದು 1943ರಲ್ಲಿ ವರದಿಯಾಯಿತು. ಔಷಧಿ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಮ್ ಜಾತಿಯವು ಬೆಳೆದು ವಿಷ ಕಾರುತ್ತವೆ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್ ಇವೂ ಅದೇ ದಾರಿ. ಮನೆಯ ಔಷಧಿ ಡಬ್ಬಿಯಲ್ಲಿ ಉಳಿದ ಮಾತ್ರೆ ಅರೆದು ಕೊಡುವ ಧೈರ್ಯ ಎಂದೂ ಮಾಡಬೇಡಿ. ನಿಮ್ಮ ಡಾಕ್ಟರು ನಾಯಿ ಬೆಕ್ಕುಗಳನ್ನೇ ಹೆಚ್ಚು ನೋಡುವವರಾದರೆ 'ಇದು ಗಿನಿ ಪಿಗ್‌ಗೆ ಆಗುತ್ತದಾ ಸರ್?' ಎಂದು ಕೇಳಲು ಸಂಕೋಚ ಬೇಡ.

ಇಷ್ಟೆಲ್ಲ ನೋಡಿಕೊಂಡರೂ ಒಂದು ದಿನ ಅದು ಮೂಲೆಯಲ್ಲಿ ಮುದುಡಿ ಕೂತಿರುತ್ತದೆ. ತಿನ್ನುತ್ತಿಲ್ಲ, ಹಿಕ್ಕೆಯಿಲ್ಲ. ನಾಳೆ ನೋಡೋಣ ಎನ್ನುವ ಮಾತು ಇಲ್ಲಿ ನಡೆಯದು. ಅರ್ಧ ದಿನ ಏನೂ ತಿನ್ನದಿದ್ದರೆ ಅದು ತುರ್ತು. ಹಸಿದ ಮೈ ಕೊಬ್ಬು ಕರಗಿಸಲು ಹೊರಟು ಯಕೃತ್ತನ್ನೇ ಕೆಡಿಸಿಕೊಳ್ಳುತ್ತದೆ. ಹೊಟ್ಟೆ ಬಿಗಿದು ನಗಾರಿಯಂತಾಗಿದ್ದರೆ ಒಳಗೆ ಗ್ಯಾಸ್ ತುಂಬಿದೆ, ಆಗ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಹೋಗಿ. ಮೈಯಲ್ಲಿ ನೀರು ಬತ್ತಿದ್ದನ್ನು ಗುರುತಿಸುವುದು ಹೀಗೆ: ಬೆನ್ನಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟರೆ ತಕ್ಷಣ ಕೂರುವುದಿಲ್ಲ, ವಸಡು ಅಂಟಂಟು, ಕಣ್ಣು ಗುಳಿ ಬಿದ್ದಿರುತ್ತದೆ. ಆ ಹಂತದಲ್ಲಿ ಚರ್ಮದಡಿ ದ್ರವ ಕೊಡುವುದು ಡಾಕ್ಟರ ಕೆಲಸ.

ಡಾಕ್ಟರು ಮನೆಗೆ ಕಳಿಸಿದ ಮೇಲೆ, ನೀರನ್ನೂ ಕಲಸಿದ ಆಹಾರವನ್ನೂ ಕುಡಿಸುವ ಸಿರಿಂಜ್ ನಮ್ಮ ಕೈಗೆ ಬರುತ್ತದೆ. ಒಂದು ಮಿಲಿಲೀಟರಿನ ಸಿರಿಂಜ್ ಸಾಕು, ಸೂಜಿ ತೆಗೆದದ್ದು. ಮಡಿಲಲ್ಲಿ ನಾಲ್ಕು ಕಾಲೂ ನೆಲಕ್ಕಿಟ್ಟಂತೆ ಕೂರಿಸಿ, ಟವೆಲ್ ಸುತ್ತಿ. ಬೆನ್ನ ಮೇಲೆ ಮಲಗಿಸಬೇಡಿ. ಬಾಚಿಹಲ್ಲಿನ ಹಿಂದಿನ ಸಂದಿಯಲ್ಲಿ ಪಕ್ಕದಿಂದ ತೂರಿಸಿ, ಅರ್ಧ ಮಿಲಿಲೀಟರ್ ಬಿಟ್ಟು, ಅಗಿದು ನುಂಗುವವರೆಗೆ ಕಾಯಿರಿ. ಅವಸರ ಮಾಡಿದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದು ಬೈಯುತ್ತದೆ, ಉಗುಳುತ್ತದೆ, ನಿಮ್ಮ ಬಟ್ಟೆಗೆಲ್ಲ ಹಸಿರು ಹಚ್ಚುತ್ತದೆ. ಬೈಯುವಷ್ಟು ಶಕ್ತಿಯಿದೆಯಲ್ಲ ಎಂದು ಸಂತೋಷಪಡಿ.

ಇದೆಲ್ಲಕ್ಕಿಂತ ಮೊದಲೇ ಸುಳಿವು ಕೊಡುವುದು ಅಡುಗೆಮನೆಯ ತಕ್ಕಡಿ. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಗಿ ಬರೆದಿಡಿ. ಐವತ್ತು ಗ್ರಾಂ ಇಳಿದರೆ ಕಣ್ಣು ತೆರೆಯಿರಿ, ನೂರು ಇಳಿದರೆ ಡಾಕ್ಟರಿಗೆ ಫೋನ್ ಮಾಡಿ. ಕಾಯಿಲೆಯನ್ನು ಮುಚ್ಚಿಡುವುದು ಬೇಟೆಗೆ ಸಿಗುವ ಪ್ರಾಣಿಗಳ ಹುಟ್ಟುಗುಣ. ಮುಖ ಸುಳ್ಳು ಹೇಳಬಹುದು, ತಕ್ಕಡಿ ಹೇಳದು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೊದಲನೆಯದು: ಬಾಟಲಿ ಒಳ್ಳೆಯದೋ ಬಟ್ಟಲೋ? ಬಟ್ಟಲಲ್ಲಿ ತಲೆ ಬಗ್ಗಿಸಿ ಕುಡಿಯುವುದು ಅದಕ್ಕೆ ಸಹಜ. ಆದರೆ ಅದರಲ್ಲೇ ಕಾಲಿಟ್ಟು, ಹುಲ್ಲು ಹಾಕಿ, ಹಿಕ್ಕೆಯನ್ನೂ ಹಾಕಿ ಹತ್ತು ನಿಮಿಷದಲ್ಲಿ ಕಷಾಯ ಮಾಡಿಡುತ್ತದೆ. ನಾನು ಎರಡನ್ನೂ ಇಡುತ್ತೇನೆ. ಬಟ್ಟಲು ಮಗುಚದಷ್ಟು ಭಾರದ್ದಿರಬೇಕು, ದಿನಕ್ಕೆ ಎರಡು ಮೂರು ಸಲ ತೊಳೆಯುವ ತಾಳ್ಮೆ ನಿಮಗಿರಬೇಕು. ಹೊಸದಾಗಿ ತಂದ ಪ್ರಾಣಿಯಾದರೆ ಮೊದಲು ಯಾವುದರಲ್ಲಿ ಕುಡಿಯುತ್ತಿತ್ತು ಎಂದು ಕೇಳಿ ಅದನ್ನೇ ಇಡಿ. ಬಾಟಲಿಯನ್ನೇ ಕಂಡಿರದ್ದು ಅದರ ಎದುರಿನಲ್ಲೇ ಬಾಯಾರಿ ಕೂರಬಹುದು.

ಹಿರಿಯರೊಬ್ಬರು ಕೇಳಿದರು: 'ನಮ್ಮದು ಇತ್ತೀಚೆಗೆ ವಿಪರೀತ ನೀರು ಕುಡಿಯುತ್ತೆ, ಒಳ್ಳೆಯದೇ ಅಲ್ವಾ?' ಅಲ್ಲ ಸರ್. ಸೆಖೆ ಹೆಚ್ಚಿಲ್ಲದೆ, ಸೊಪ್ಪು ಕಡಿಮೆ ಮಾಡದೆ, ಬಸುರಿಯೂ ಅಲ್ಲದೆ ಏಕಾಏಕಿ ಹೆಚ್ಚು ಕುಡಿಯತೊಡಗಿದರೆ ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ ಇರಬಹುದು. ತೂಕ ಬರೆದುಕೊಂಡು ತೋರಿಸಿ.

ಕೊನೆಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಪುಟ್ಟ ಹುಡುಗಿ ಕೈ ಎತ್ತಿದಳು. 'ಅಂಕಲ್, ನಮ್ಮನೇದು ಬಗ್ಗಿ ತನ್ನ ಹಿಕ್ಕೆ ತಾನೇ ತಿಂತು. ಬೈಬೇಕಾ?' ಮುಖ್ಯವಾದದ್ದನ್ನೇ ಮರೆತಿದ್ದೆ, ಅವಳು ನೆನಪಿಸಿದಳು. 'ಬೈಬೇಡ ಪುಟ್ಟಾ. ಕುರುಡು ಕರುಳಿನಲ್ಲಿ ತಯಾರಾದ ವಿಟಮಿನ್ ಎಲ್ಲ ಒಂದೇ ಸುತ್ತಿಗೆ ಮೈಗೆ ಹತ್ತುವುದಿಲ್ಲ. ಅದಕ್ಕೇ ಅದು ಮೆತ್ತಗಿನ ಬೇರೆ ಥರದ ಹಿಕ್ಕೆ ಮಾಡಿ, ನೆಲಕ್ಕೆ ಬೀಳುವ ಮೊದಲೇ ಬಾಯಿ ಹಾಕಿ ತಿಂದುಬಿಡುತ್ತೆ. ಹಸು ಮೆಲುಕು ಹಾಕಿದ ಹಾಗೆ, ದಾರಿ ಮಾತ್ರ ಬೇರೆ. ತುಂಬ ದಪ್ಪಗಾದರೆ, ಮುದಿಯಾದರೆ ಬಗ್ಗಲು ಆಗುವುದಿಲ್ಲ, ಆಗ ಚಿಂತೆ ಮಾಡಬೇಕು.'

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. 'ಅಂದ್ರೆ ಒಳ್ಳೇದೆಲ್ಲ ಅದೇ ತಿಂದು, ಬೇಡದ್ದು ಮಾತ್ರ ನಂಗೆ ಗುಡಿಸೋಕೆ ಬಿಡುತ್ತೆ.'

ಹೌದು ಎಂದೆ.